ಆಟದ ರಾಜ್ಯದಲ್ಲಿ ದೊರೆ, ನಾಯಕ, ಒಕ್ಕಲು: ಅಂತಸ್ತನ್ನು ಕಟ್ಟುವ ಬಗೆ

ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ರೋಲ್‌ಪ್ಲೇ ಆಟಕ್ಕಾಗಿ ಹೊಸ ರಾಜ್ಯವೊಂದನ್ನು ಕಲ್ಪಿಸಿಕೊಳ್ಳುವಾಗ ಹೆಚ್ಚಿನವರು ಮೊದಲು ಬರೆಯುವುದು ಬಿರುದುಗಳ ಪಟ್ಟಿಯನ್ನು. ಮಹಾರಾಜ, ಸಾಮಂತ, ನಾಯಕ, ಹೆಗ್ಗಡೆ ಎಂದು ಹೆಸರುಗಳೇನೋ ಸಾಲುಗಟ್ಟುತ್ತವೆ. ಆದರೆ ಆಟ ಶುರುವಾದ ಮೇಲೆ ನಾಯಕನಿಗೂ ಹೆಗ್ಗಡೆಗೂ ಏನು ವ್ಯತ್ಯಾಸವೆಂದು ಆಡುವವರಿಗೆ ತಿಳಿಯುವುದೇ ಇಲ್ಲ. ಶಿರಸಿಯ ಮಳೆಗಾಲದ ಸಂಜೆಗಳಲ್ಲಿ ಗೆಳೆಯರಿಗಾಗಿ ಆಟ ನಡೆಸುತ್ತ ನಾನು ಕಂಡುಕೊಂಡ ಕ್ರಮ ಬೇರೆ. ಯಾರು ಯಾವ ದಾರಿಯನ್ನು, ಯಾವ ನೆಲವನ್ನು ಹಿಡಿದುಕೊಂಡು ಯಾರಿಂದ ಏನು ವಸೂಲು ಮಾಡುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಬಿರುದು ಆಮೇಲೆ ಬರಲಿ.

ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ನೆಲವೇ ಒಳ್ಳೆಯ ಮಾದರಿ. ಘಟ್ಟದ ಮೇಲೆ ಮೆಣಸು ಮತ್ತು ಅಡಿಕೆ, ಕೆಳಗೆ ಉಪ್ಪು ಮತ್ತು ಬಂದರು, ನಡುವೆ ಹೇರೆತ್ತುಗಳು ಇಳಿಯುವ ಇಕ್ಕಟ್ಟಿನ ದಾರಿ. ಸೋದೆಯ ಅರಸರ ರಾಜಧಾನಿ ಘಟ್ಟದ ಮೇಲಿದ್ದರೂ ಅವರು ಕಾಳಿ ನದಿಯ ಅಳಿವೆಯ ಬಳಿ ಸದಾಶಿವಗಡದ ಕೋಟೆಯನ್ನು ಕಟ್ಟಿಸಿದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ವಂಶಾವಳಿಗಿಂತ ಅವಳ ಕೈಯಲ್ಲಿದ್ದ ಸರಕೇ ಅವರಿಗೆ ಮುಖ್ಯವಾಗಿತ್ತೆಂದು ಆ ಹೆಸರೇ ಹೇಳುತ್ತದೆ. ನಿಮ್ಮ ನಕ್ಷೆಯಲ್ಲಿಯೂ ಒಂದು ಕಣಿವೆ, ಒಂದು ಘಟ್ಟದ ದಾರಿ, ಒಂದು ಬಂದರು ಬರೆದು, ಒಂದೊಂದನ್ನು ಒಂದೊಂದು ಮನೆತನಕ್ಕೆ ಕೊಡಿ. ಮೂವರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಗತಿಯಿಲ್ಲದಂತಾಗುತ್ತದೆ.

ಮುಂದಿನ ಪ್ರಶ್ನೆ, ಈ ಹಕ್ಕು ಹೇಗೆ ಬಂತು ಎಂಬುದು. ಸೇವೆಗಾಗಿ ಕೊಟ್ಟ ಉಂಬಳಿ ಒಂದು ಬಗೆ; ಯುದ್ಧದಲ್ಲಿಯೋ ದನಗಳಿಗಾಗಿ ನಡೆದ ತುರುಗಾಳಗದಲ್ಲಿಯೋ ಮಡಿದವನ ಕುಟುಂಬಕ್ಕೆ ಬಿಟ್ಟುಕೊಟ್ಟ ಭೂಮಿ ಇನ್ನೊಂದು. ಎರಡನೆಯದನ್ನು ಶಾಸನಗಳು ನೆತ್ತರುಗೊಡಗೆ ಎನ್ನುತ್ತವೆ. ನಾನು ಒಬ್ಬ ಗೆಳತಿಯ ಪಾತ್ರಕ್ಕೆ ಮೂರೇ ಗದ್ದೆ ಮತ್ತು ಅವುಗಳ ಅಂಚಿನಲ್ಲಿ ಅಜ್ಜನ ವೀರಗಲ್ಲನ್ನು ಕೊಟ್ಟಿದ್ದೆ. ಹೊಸ ನಾಯಕ ಆ ಗದ್ದೆಗಳಿಗೆ ಗೇಣಿ ಕೇಳಿದಾಗ ಅವಳು ಏನೂ ವಾದಿಸದೆ, ಅವನ ಸೇವಕರನ್ನು ಕರೆದೊಯ್ದು ಕಲ್ಲಿನ ಮೇಲಿನ ಪಾಚಿಯನ್ನು ಕೈಯಿಂದ ಉಜ್ಜಿ ಅಕ್ಷರ ತೋರಿಸಿದಳು. ಅಂದಿನ ಆಟವೆಲ್ಲ ಆ ಕಲ್ಲಿನ ಸುತ್ತಲೇ ನಡೆಯಿತು.

ಕೆಳಗಿನ ಅಂತಸ್ತುಗಳನ್ನು ‘ಪ್ರಜೆಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ. ಕೆನರಾ ಸೀಮೆಯಲ್ಲಿ ಮೂಲಗೇಣಿಯ ಒಕ್ಕಲಿಗೆ ತಲೆಮಾರುಗಳವರೆಗೆ ಉಳುವ ಹಕ್ಕಿತ್ತು. ಚಾಲಗೇಣಿಯವನನ್ನು ಒಡೆಯನು ಬಿಡಿಸಬಹುದಿತ್ತು. ಇಬ್ಬರೂ ಅದೇ ಕೆಸರಿನಲ್ಲಿ ನಿಂತು ನಾಟಿ ಮಾಡಿದರೂ ಒಡೆಯನ ಎದುರು ಒಬ್ಬನ ಧ್ವನಿ ಏರುತ್ತದೆ, ಇನ್ನೊಬ್ಬನದು ಇಳಿಯುತ್ತದೆ. ಲೆಕ್ಕದ ಪುಸ್ತಕ ಹಿಡಿದ ಶಾನುಭೋಗನನ್ನೂ ಮರೆಯಬಾರದು, ಅವನಿಗೆ ಕತ್ತಿಯಿಲ್ಲದಿದ್ದರೂ ಎಲ್ಲರ ಗಡಿಯೂ ಅವನ ಕೈಬರಹದಲ್ಲಿದೆ. ಉತ್ತರಾಧಿಕಾರಕ್ಕೆ ಕರಾವಳಿಯ ಅಳಿಯಸಂತಾನವನ್ನು ನೋಡಬಹುದು: ಆಸ್ತಿ ಸೋದರಿಯ ಮಕ್ಕಳಿಗೆ ಹೋಗುವಾಗ, ದೊರೆಯ ಮಗ ಅರಮನೆಯಲ್ಲೇ ಬೆಳೆದರೂ ಪಟ್ಟಕ್ಕೆ ಹಕ್ಕುದಾರನಲ್ಲ.

ಇಂದು ಬದುಕಿರುವ ಜಾತಿಗಳ ಹೆಸರನ್ನು ಮಾತ್ರ ಆಟಕ್ಕೆ ತರಬೇಡಿ. ಮೇಜಿನ ಸುತ್ತ ಕುಳಿತವರಲ್ಲಿ ಯಾರ ಮನೆಯ ನೋವು ಯಾವುದೆಂದು ನಮಗೆ ಗೊತ್ತಿರುವುದಿಲ್ಲ. ಕಲ್ಪಿತ ಕುಲಗಳನ್ನೇ ಕಟ್ಟಿ, ಕೆಳಗಿನ ಪಾತ್ರವನ್ನು ಒಪ್ಪಿದವರಿಗಷ್ಟೇ ಕೊಡಿ, ಆ ಪಾತ್ರಕ್ಕೂ ಕಥೆಯನ್ನು ತಿರುಗಿಸುವ ಒಂದು ಹಿಡಿತವಿರಲಿ.

ಆಡುವಾಗ ಅಂತಸ್ತನ್ನು ವಿವರಿಸಬೇಕಾಗಿಲ್ಲ, ಮನೆಯ ರಚನೆಯಲ್ಲೇ ತೋರಿಸಬಹುದು. ಬಂದವನು ಅಂಗಳದಲ್ಲಿ ನಿಲ್ಲುತ್ತಾನೆಯೋ, ಜಗುಲಿಯ ಅಂಚಿಗೆ ಕೂರುತ್ತಾನೆಯೋ, ಕಂಬಳಿ ಹಾಸಿ ಒಳಕ್ಕೆ ಕರೆಯುತ್ತಾರೆಯೋ ಎಂಬುದನ್ನು ಹೇಳಿ. ಕವಳದ, ಎಂದರೆ ಎಲೆಅಡಿಕೆಯ, ತಟ್ಟೆ ಮೊದಲು ಯಾರ ಮುಂದೆ ಬಂತು, ಯಾರನ್ನು ದಾಟಿ ಹೋಯಿತು ಎಂದಷ್ಟೇ ಹೇಳಿದರೂ ಆಡುವವರು ತಾವಾಗಿಯೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ತಾನು ಯಾರಿಗೆ ಏನು ಸಲ್ಲಿಸಬೇಕು, ತನಗೆ ಯಾರು ಏನು ಸಲ್ಲಿಸಬೇಕು, ಯಾರ ಮುಂದೆ ತಾನು ಕೂರುವಂತಿಲ್ಲ ಎಂಬ ಮೂರನ್ನು ಬರೆಸಿ.

ಮೊದಲ ದಿನದ ಆಟವನ್ನು ಘಟ್ಟದ ಸುಂಕದಕಟ್ಟೆಯಲ್ಲಿ ಆರಂಭಿಸಿ. ಮಳೆಗೆ ಸಿಕ್ಕಿದ ಮೆಣಸಿನ ಮೂಟೆಗಳು ತೂಕದಲ್ಲಿ ಹೆಚ್ಚಾಗಿವೆ, ಸುಂಕದವನು ಆ ತೂಕಕ್ಕೇ ಹಣ ಕೇಳುತ್ತಿದ್ದಾನೆ, ಹಿಂದೆ ಬಂದರಿನೊಡೆಯನ ಪಲ್ಲಕ್ಕಿ ದಾರಿಗಾಗಿ ಕಾಯುತ್ತಿದೆ.