ಮನೆಯೊಳಗೆ ನಾಯಿಗೊಂದು ಸ್ವಂತ ಜಾಗ: ಆರಿಸುವುದು, ಅಣಿಗೊಳಿಸುವುದು, ರೂಢಿ ಮಾಡಿಸುವುದು

ನಾಯಿ ಸಾಕಿರುವ ಮನೆಯಲ್ಲಿ ಅದಕ್ಕೊಂದು ಹಾಸಿಗೆಯೋ ಚಾಪೆಯೋ ಇದ್ದೇ ಇರುತ್ತದೆ. ಆದರೆ ಅಲ್ಲಿ ಮಲಗಿದ್ದಾಗ ತನ್ನನ್ನು ಯಾರೂ ಎಬ್ಬಿಸುವುದಿಲ್ಲ, ಎಳೆಯುವುದಿಲ್ಲ, ಮುದ್ದಿನ ನೆಪದಲ್ಲಿ ಮೈಮೇಲೆ ಬೀಳುವುದಿಲ್ಲ ಎಂಬ ಭರವಸೆ ಆ ನಾಯಿಗೆ ಇದೆಯೇ ಎಂದು ಕೇಳಿದರೆ, ಹೌದೆನ್ನಲು ಅನೇಕರು ತಡವರಿಸಬೇಕಾಗುತ್ತದೆ. ನಾಯಿಗೆ ಸುರಕ್ಷಿತವಾದ ಜಾಗ ಮಾಡಿಕೊಡುವ ಕೆಲಸದಲ್ಲಿ ಹಣ ಕೊಟ್ಟು ತರುವ ಸಾಮಾನಿನ ಪಾಲು ಚಿಕ್ಕದು. ಮನೆಮಂದಿಯೆಲ್ಲ ಒಪ್ಪಿ ಪಾಲಿಸುವ ಕಟ್ಟುಪಾಡಿನ ಪಾಲೇ ದೊಡ್ಡದು.

ಬೆಳೆದ ನಾಯಿ ದಿನದ 24 ಗಂಟೆಗಳಲ್ಲಿ ಸುಮಾರು 12ರಿಂದ 14 ಗಂಟೆಗಳನ್ನು ನಿದ್ದೆಯಲ್ಲೋ ಅರೆನಿದ್ದೆಯಲ್ಲೋ ಕಳೆಯುತ್ತದೆ. ಎಳೆಯ ಮರಿಗೆ 18ರಿಂದ 20 ಗಂಟೆಯ ನಿದ್ದೆಯೂ ಸಹಜವೇ. ನಾಯಿ ಹಗಲಿನಲ್ಲೂ ತುಂಡು ತುಂಡಾಗಿ ನಿದ್ರಿಸುವುದರಿಂದ ಮನೆಯ ಗದ್ದಲವೆಲ್ಲ ಅದರ ನಿದ್ದೆಯ ಮೇಲೆಯೇ ಬಂದು ಬೀಳುತ್ತದೆ. ಸಾಲದೆಂಬಂತೆ, ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಕೇಳಿಸಿದರೆ ನಾಯಿಯ ಕಿವಿಗೆ ಸುಮಾರು 45,000 ಹರ್ಟ್ಸ್‌ವರೆಗಿನದೂ ಕೇಳಿಸುತ್ತದೆ; ನಮಗೆ ನಿಶ್ಶಬ್ದವೆನಿಸುವ ಕೋಣೆಯಲ್ಲಿ ಯಾವುದೋ ವಿದ್ಯುತ್ ಉಪಕರಣದ ಕೀರಲು ದನಿ ಅದನ್ನು ಕಾಡುತ್ತಿರಬಹುದು. ನಿದ್ದೆಗೆಟ್ಟ ಮರಿ ಸಂಜೆಯ ಹೊತ್ತಿಗೆ ಹುಚ್ಚೆದ್ದಂತೆ ಓಡುತ್ತಾ, ಸಿಕ್ಕವರ ಕೈಕಾಲು ಕಚ್ಚತೊಡಗಿದಾಗ ಅದಕ್ಕೆ ಆಟ ಸಾಲದಾಗಿದೆ ಎಂದು ಭಾವಿಸಿ ಇನ್ನಷ್ಟು ಆಡಿಸುವವರಿದ್ದಾರೆ. ಅಂಥ ಹೊತ್ತಿನಲ್ಲಿ ಅದಕ್ಕೆ ಬೇಕಿರುವುದು ಹೆಚ್ಚಾಗಿ ತೆಪ್ಪಗೆ ಮಲಗಲು ಒಂದು ಮೂಲೆ.

ಎಲ್ಲಿ ಮಾಡಬೇಕು

ಜಾಗವನ್ನು ಗೊತ್ತುಮಾಡುವ ಮೊದಲು ಕೆಲವು ದಿನ ನಾಯಿಯನ್ನೇ ಗಮನಿಸುವುದು ಒಳ್ಳೆಯದು. ಅದು ತಾನಾಗಿ ಎಲ್ಲಿ ಮಲಗುತ್ತದೆ, ಮನೆಗೆ ಜನ ಬಂದಾಗ ಎಲ್ಲಿಗೆ ಸರಿಯುತ್ತದೆ, ಗುಡುಗಿದಾಗ ಎಲ್ಲಿ ನುಸುಳುತ್ತದೆ ಎಂಬುದನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಮೇಜಿನಡಿ, ಸೋಫಾದ ಹಿಂಬದಿ, ಮಂಚದ ಕೆಳಗೆ, ಸ್ನಾನದ ಕೋಣೆಯ ಮೂಲೆ ಮುಂತಾದ, ನಾಯಿಗಳು ಆರಿಸಿಕೊಳ್ಳುವ ತಾಣಗಳಲ್ಲಿ ಕೆಲವು ಸಮಾನ ಗುಣಗಳಿವೆ: ಬೆನ್ನಿಗೆ ಗೋಡೆ, ತಲೆಯ ಮೇಲೆ ಮರೆ, ಎದುರಿನಿಂದ ಬರುವವರು ಮೊದಲೇ ಕಾಣುವಷ್ಟು ತೆರವು. ನಾವು ಹೊಸದಾಗಿ ಮಾಡಿಕೊಡುವ ಜಾಗದಲ್ಲೂ ಇವು ಇದ್ದರೆ ನಾಯಿ ಅದನ್ನು ಬೇಗ ತನ್ನದೆಂದುಕೊಳ್ಳುತ್ತದೆ.

ಎರಡು ಗೋಡೆ ಕೂಡುವ ಮೂಲೆ ಸಾಮಾನ್ಯವಾಗಿ ಉತ್ತಮ. ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುವ ದಾರಿ, ಹೊರಬಾಗಿಲಿನ ಮಗ್ಗುಲು, ಹೆಜ್ಜೆಯ ಸಪ್ಪಳ ತಲೆಯ ಮೇಲೆಯೇ ಬೀಳುವ ಮೆಟ್ಟಿಲಿನ ಅಡಿಭಾಗ, ಬಟ್ಟೆ ಒಗೆಯುವ ಯಂತ್ರ ಅಥವಾ ಟಿವಿಯ ಪಕ್ಕ ಇವೆಲ್ಲ ಬೇಡ. ಬೆಳಗ್ಗೆ ನೆರಳಿದ್ದ ಮೂಲೆಗೆ ಮಧ್ಯಾಹ್ನ ಬಿಸಿಲು ಸುರಿಯಬಹುದಾದ್ದರಿಂದ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಚಪ್ಪಟೆ ಮೂತಿಯ ತಳಿಗಳು ಸೆಕೆಯನ್ನು ತಾಳಲಾರವು. ಅವುಗಳ ಜಾಗದಲ್ಲಿ ಗಾಳಿಯಾಡುವುದು ಉಳಿದೆಲ್ಲಕ್ಕಿಂತ ಮುಖ್ಯ.

ನೆಮ್ಮದಿಯ ಹೆಸರಿನಲ್ಲಿ ನಾಯಿಯನ್ನು ಮನೆಯ ಕಟ್ಟಕಡೆಯ ಉಗ್ರಾಣಕ್ಕೋ ಬಾಲ್ಕನಿಗೋ ಸಾಗಿಸುವುದು ಸರಿಯಲ್ಲ. ಮನೆಯವರ ಮಾತು ಕಿವಿಗೆ ಬೀಳುವಷ್ಟು ಹತ್ತಿರ, ಕಾಲು ಮೈಗೆ ತಾಗದಷ್ಟು ದೂರ ಎನ್ನುವುದು ಒಳ್ಳೆಯ ಅಳತೆ. ಹಗಲಿಗೊಂದು, ರಾತ್ರಿಗೆ ಮಲಗುವ ಕೋಣೆಯಲ್ಲಿ ಇನ್ನೊಂದು ಎಂದು ಎರಡು ಜಾಗ ಮಾಡಿಕೊಟ್ಟರೂ ತಪ್ಪೇನಿಲ್ಲ.

ಕ್ರೇಟ್, ಹಾಸಿಗೆ ಮತ್ತು ಉಳಿದ ಸಾಮಾನು

ಕ್ರೇಟ್ (ನಾಯಿ ಒಳಗೆ ಮಲಗುವಂಥ, ಬಾಗಿಲಿರುವ ಕಂಬಿಯ ಪೆಟ್ಟಿಗೆ) ಇಲ್ಲದೆ ಸುರಕ್ಷಿತ ಜಾಗವೇ ಇಲ್ಲ ಎಂಬಂತೆ ಕೆಲವರು ಮಾತನಾಡುತ್ತಾರೆ. ಅದನ್ನು ಪಂಜರವೆಂದು ಕರೆದು ಮೂಗು ಮುರಿಯುವವರೂ ಇದ್ದಾರೆ. ಬಾಗಿಲು ತೆರೆದಿರುವ, ನಾಯಿ ಒಪ್ಪಿಕೊಂಡ ಕ್ರೇಟ್ ಅದಕ್ಕೆ ಗೂಡಾಗುತ್ತದೆ; ಬಲವಂತವಾಗಿ ತಳ್ಳಿ ಚಿಲಕ ಹಾಕಿದ ಕ್ರೇಟ್ ಸೆರೆಮನೆಯೇ ಸರಿ. ಮೇಲೆ ಹೊದಿಕೆ ಇಳಿಬಿಟ್ಟ ಮೇಜು, ಒಂದು ಬದಿ ಕತ್ತರಿಸಿದ ಗಟ್ಟಿ ರಟ್ಟಿನ ಪೆಟ್ಟಿಗೆ, ಬೇಬಿ ಗೇಟ್ (ಬಾಗಿಲಿಗೆ ಅಡ್ಡಲಾಗಿ ಹಾಕುವ ಗಿಡ್ಡ ತಡೆ) ಹಾಕಿದ ಚಿಕ್ಕ ಕೋಣೆ ಇವು ಕೂಡ ಅದೇ ಕೆಲಸವನ್ನು ಮಾಡಬಲ್ಲವು.

ಕ್ರೇಟ್ ತರುವುದಾದರೆ ನಾಯಿಯನ್ನು ಅಳೆಯದೆ ತರಬಾರದು. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಸುಮಾರು 10 ಸೆಂ.ಮೀ. ಸೇರಿಸಬೇಕು; ನೆಲದಿಂದ ತಲೆಯವರೆಗೆ, ಕಿವಿ ನಿಮಿರಿರುವ ನಾಯಿಯಾದರೆ ಕಿವಿಯ ತುದಿಯವರೆಗೆ, ಅಳೆದ ಎತ್ತರಕ್ಕೂ ಅಷ್ಟೇ ಸೇರಿಸಬೇಕು. ತಲೆ ತಗ್ಗಿಸದೆ ನಿಲ್ಲಲು, ಸುತ್ತು ತಿರುಗಲು, ಕಾಲು ಚಾಚಿ ಮಗ್ಗುಲಾಗಿ ಮಲಗಲು ಬಂದರೆ ಅಳತೆ ಸರಿಯಿದೆ ಎಂದರ್ಥ. ಮರಿಗೆ ದೊಡ್ಡ ಕ್ರೇಟನ್ನೇ ತಂದರೆ ಅದು ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯಲ್ಲಿ ಉಚ್ಚೆ ಹೊಯ್ಯುವ ಸಾಧ್ಯತೆ ಇರುವುದರಿಂದ, ನಡುವೆ ತಡೆ ಹಾಕಿ, ಮರಿ ಬೆಳೆದಂತೆ ತಡೆಯನ್ನು ಹಿಂದೆ ಸರಿಸುತ್ತಾ ಹೋಗಬೇಕು. ಕ್ರೇಟ್‌ನ ಬಾಗಿಲು ಹಾಕುವಾಗಲೆಲ್ಲ ಕತ್ತಿನ ಬೆಲ್ಟನ್ನು ಬಿಚ್ಚಿಡಬೇಕು. ಕಂಬಿಗೆ ಅದು ಸಿಕ್ಕಿಕೊಂಡು ಉರುಳಾಗುವ ಅಪಾಯವಿದೆ. ಬೆಳಕಿಗೆ ಮರೆಯಾಗಿ ಬಟ್ಟೆ ಹೊದಿಸುವುದಾದರೆ ಮುಂಭಾಗವನ್ನಾದರೂ ಗಾಳಿಗೆ ಬಿಡಬೇಕು.

ಹಾಸಿಗೆ ಒಗೆಯಲು ಬರುವಂತಿದ್ದರೆ ಸಾಕು. ನುಣುಪಾದ ನೆಲದಲ್ಲಿ ಅದು ಜಾರದಂತೆ ಕೆಳಗೆ ರಬ್ಬರ್ ಚಾಪೆ ಹಾಕಬಹುದು. ಹಾಸಿ ಹೊದೆಸಿದ ಬಟ್ಟೆಗಳನ್ನೆಲ್ಲ ಒಂದೇ ದಿನ ಒಗೆಯದೆ ಒಂದನ್ನಾದರೂ ಹಳೆಯ ವಾಸನೆಯೊಂದಿಗೆ ಉಳಿಸುವುದು ವಿವೇಕ, ಏಕೆಂದರೆ ನಾಯಿ ತನ್ನ ಜಾಗವನ್ನು ಗುರುತಿಸುವುದು ಬಹುಮಟ್ಟಿಗೆ ಮೂಗಿನಿಂದ. ಅಲ್ಲಿ ಉಚ್ಚೆ ಹೊಯ್ದಿದ್ದರೆ ಅಮೋನಿಯಾ ಇರುವ ದ್ರಾವಣದಿಂದ ಒರೆಸಬಾರದು. ಅದರ ನಾತ ಉಚ್ಚೆಯ ನಾತವನ್ನೇ ಹೋಲುವುದರಿಂದ ನಾಯಿ ಮತ್ತೆ ಅಲ್ಲಿಗೇ ಬರಬಹುದು. ಕಿಣ್ವಗಳಿರುವ ಕ್ಲೀನರ್ ಸಿಕ್ಕಿದರೆ ಅದು ಮೇಲು. ನೀರಿನ ಬಟ್ಟಲು ಉರುಳದಂಥದ್ದಾಗಿರಲಿ. ಬಾಯಿಗೆ ಎಟಕುವ ವೈರು, ಪ್ಲಗ್, ಔಷಧದ ಪಟ್ಟಿ, ಹೊಲಿಗೆಯ ಸಾಮಾನು ಯಾವುದೂ ಸುತ್ತಮುತ್ತ ಇರಬಾರದು.

ರೂಢಿ ಮಾಡಿಸುವುದು

ಎಲ್ಲರೂ ಅವಸರಪಡುವುದು ಈ ಹಂತದಲ್ಲೇ. ಮೊದಲ ದಿನಗಳಲ್ಲಿ ಕ್ರೇಟ್‌ನ ಬಾಗಿಲು ಹಿಂದಕ್ಕೆ ಬಡಿದು ಸದ್ದು ಮಾಡದಂತೆ ಅದನ್ನು ಕಟ್ಟಿಡಿ. ನಾಯಿ ನೋಡದಿದ್ದಾಗ ಒಳಗೆ ಒಂದೆರಡು ಚೂರು ತಿನಿಸು ಹಾಕಿಟ್ಟು ಸುಮ್ಮನಾಗಿ. ನಾಯಿ ಹಿಂಗಾಲನ್ನು ಹೊರಗೇ ಊರಿಕೊಂಡು, ಮೈಯನ್ನು ಉದ್ದಕ್ಕೆ ಚಾಚಿ, ತಿನಿಸನ್ನು ಬಾಯಿಗೆ ಹಾಕಿಕೊಂಡು ಚಂಗನೆ ಹಿಂದಕ್ಕೆ ಸರಿಯುತ್ತದೆ. ಮೊದಲಿಗೆ ಅಷ್ಟೇ ಸಾಕು. ಆಗ ಹಿಂದಿನಿಂದ ನೂಕುವುದು, ಬೆಲ್ಟ್ ಹಿಡಿದು ಎಳೆಯುವುದು ಮಾಡಿದರೆ ಅದುವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತದೆ. ನಾಲ್ಕೂ ಕಾಲು ಒಳಗಿಟ್ಟು ನೆಲ ಮೂಸತೊಡಗಿದ ಮೇಲೆ ಊಟದ ಬಟ್ಟಲನ್ನು ಬಾಗಿಲ ಬಳಿ ಇಡಲು ಆರಂಭಿಸಿ, ಹೊತ್ತಿನಿಂದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸಬಹುದು. ಅಗಿಯುವ ಆಟಿಕೆಯನ್ನು ಅಲ್ಲಿಯೇ ಕೊಡುವುದರಿಂದ ಅಲ್ಲಿ ಮಲಗಿ ಕಾಲ ಕಳೆಯುವ ಅಭ್ಯಾಸವೂ ಕೂಡಿಬರುತ್ತದೆ.

ಬಾಗಿಲು ಹಾಕುವ ಅಗತ್ಯವಿದ್ದರೆ ಅದರ ಸರದಿ ಇದರ ನಂತರ. ನಾಯಿ ತಿನ್ನುತ್ತಿರುವಾಗ ಒಂದೆರಡು ಸೆಕೆಂಡು ಬಾಗಿಲು ಹಾಕಿ, ತಿಂದು ಮುಗಿಸುವ ಮೊದಲೇ ತೆರೆಯಬೇಕು. ಸೆಕೆಂಡುಗಳು ನಿಮಿಷಗಳಾದ ಮೇಲೆ ಅದೇ ಕೋಣೆಯಲ್ಲಿ ದೂರ ಕೂರುವುದು, ಬಳಿಕ ಕೋಣೆಯಿಂದ ಹೊರಹೋಗಿ ಕೂಡಲೇ ಮರಳುವುದು, ಹೀಗೆ ಮುಂದುವರಿಯಬೇಕು. ನಾಯಿ ಕುಂಯ್‌ಗುಡತೊಡಗಿದರೆ ಹೆಜ್ಜೆ ದೊಡ್ಡದಾಯಿತೆಂದು ತಿಳಿದು ಹಿಂದಿನ ಹಂತಕ್ಕೆ ಇಳಿಯುವುದು ಲೇಸು. ಅತ್ತು ಅತ್ತು ತಾನೇ ಸುಮ್ಮನಾಗಲಿ ಎಂಬ ಸಲಹೆಯನ್ನು ಒಪ್ಪುವುದು ಕಷ್ಟ: ಸುಮ್ಮನಾದ ನಾಯಿ ನೆಮ್ಮದಿಯಿಂದ ಸುಮ್ಮನಾಯಿತೋ ಕೈಚೆಲ್ಲಿ ಸುಮ್ಮನಾಯಿತೋ ಹೊರಗಿನಿಂದ ತಿಳಿಯುವುದಿಲ್ಲ.

ಮರಿ ಉಚ್ಚೆ ತಡೆಯಬಲ್ಲ ಅವಧಿಗೆ ಒಂದು ಸ್ಥೂಲ ಲೆಕ್ಕವಿದೆ: ಎಷ್ಟು ತಿಂಗಳ ಮರಿಯೋ ಸುಮಾರು ಅಷ್ಟು ಗಂಟೆ. ಮೂರು ತಿಂಗಳ ಮರಿಯನ್ನು ಮೂರು ಗಂಟೆಗಿಂತ ಹೆಚ್ಚು ಕಾಲ ಒಳಗಿಟ್ಟು, ಹೊಲಸು ಮಾಡಿತೆಂದು ಗದರುವುದು ಅನ್ಯಾಯ. ಬೆಳೆದ ನಾಯಿಯಾದರೂ ಇಡೀ ಹಗಲು ಬಾಗಿಲು ಹಾಕಿದ ಕ್ರೇಟ್‌ನಲ್ಲಿ ಕಳೆಯಬಾರದು. ಅಷ್ಟು ಹೊತ್ತು ಮನೆ ಖಾಲಿಯಿರುವುದಾದರೆ ಗೇಟ್ ಹಾಕಿದ ಕೋಣೆಯೇ ಸೂಕ್ತ. ಒಂಟಿಯಾದೊಡನೆ ಕಂಗಾಲಾಗುವ ನಾಯಿಗಳ ವಿಷಯವೇ ಬೇರೆ. ಅವು ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ, ಉಗುರು ಕಿತ್ತುಕೊಳ್ಳುತ್ತವೆ. ಅಂಥವನ್ನು ಕೂಡಿಹಾಕದೆ, ಪಶುವೈದ್ಯರ ಅಥವಾ ನಾಯಿಗಳ ವರ್ತನೆಯನ್ನು ಬಲ್ಲ ತಜ್ಞರ ನೆರವು ಪಡೆಯಬೇಕು.

ಮನೆಯವರ ಕಟ್ಟುಪಾಡು

ನಾಯಿ ತನ್ನ ಜಾಗದಲ್ಲಿರುವಾಗ ಅದರ ತಂಟೆಗೆ ಯಾರೂ ಹೋಗಬಾರದು ಎಂಬ ನಿಯಮಕ್ಕೆ ವಿನಾಯಿತಿ ಇರಬಾರದು. ಮುದ್ದಿಸಲು, ಫೋಟೊ ತೆಗೆಯಲು, ಕಿವಿಗೆ ಔಷಧ ಹಾಕಲು, ಉಗುರು ಕತ್ತರಿಸಲು, ಸ್ನಾನಕ್ಕೆ ಎಳೆದೊಯ್ಯಲು ಕೂಡ ಅಲ್ಲಿಗೆ ಕೈಹಾಕಬಾರದು. ಬೇಕಿದ್ದರೆ ತುಸು ದೂರ ನಿಂತು ಕರೆದು, ಅದು ಎದ್ದು ಬಂದ ಮೇಲೆ ಕೆಲಸ ನೋಡಿಕೊಳ್ಳಬೇಕು. ತಪ್ಪು ಮಾಡಿದಾಗ ‘ಹೋಗು ಅಲ್ಲಿ’ ಎಂದು ಗದರಿ ಅಟ್ಟುವ ತಾಣವಾಗಿಯೂ ಅದನ್ನು ಬಳಸಬಾರದು. ಶಿಕ್ಷೆಯ ಜಾಗದಲ್ಲಿ ಯಾವ ನಾಯಿಗೂ ನಿದ್ದೆ ಹತ್ತುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ ಇದು ಸೌಕರ್ಯದ ಮಾತಾಗಿ ಉಳಿಯುವುದಿಲ್ಲ. ಚಿಕ್ಕ ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಬೀದಿಯ ಅಪರಿಚಿತ ನಾಯಿಗಳಲ್ಲ, ಮಗುವಿಗೆ ಪರಿಚಯವಿರುವವು. ಮಲಗಿರುವಾಗ, ತಿನ್ನುತ್ತಿರುವಾಗ ಮಗು ಹತ್ತಿರ ಹೋದದ್ದು ಇಂಥ ಪ್ರಸಂಗಗಳಲ್ಲಿ ಸಾಮಾನ್ಯ. ತೆವಳುವ ಮಗುವಿಗೆ ನಿಯಮ ಹೇಳಿ ಪ್ರಯೋಜನವಿಲ್ಲವಾದ್ದರಿಂದ ಅದು ದಾಟಲಾಗದ ಗೇಟನ್ನೇ ಹಾಕಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ, ಈ ಗೆರೆಯಾಚೆ ನಾಯಿಯ ರಾಜ್ಯ ಎಂದು ತೋರಿಸಿಕೊಟ್ಟರೆ ಮಾತಿಗಿಂತ ಬೇಗ ನಾಟುತ್ತದೆ. ಕ್ರೇಟ್‌ನೊಳಗೆ ನುಗ್ಗಿ ಕೂರುವ ಆಟವನ್ನು ಮೊದಲ ದಿನವೇ ತಡೆಯಬೇಕು.

ಸಾಕಾಯಿತು ಎಂಬುದನ್ನು ನಾಯಿ ಕಚ್ಚುವುದಕ್ಕೆ ಬಹಳ ಮೊದಲೇ ತಿಳಿಸುತ್ತಿರುತ್ತದೆ. ಬಾಯಲ್ಲಿ ಏನೂ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಬಿಳಿಗುಡ್ಡೆ ಕಾಣುವಂತೆ ಓರೆಗಣ್ಣಿನಲ್ಲಿ ನೋಡುವುದು, ಬಾಲ ಮುದುರಿ ಮೈ ಬಿಗಿಹಿಡಿಯುವುದು ಅದರ ಮಾತುಗಳು. ಇವು ಕಂಡಾಗ ಅದಕ್ಕೆ ತನ್ನ ಜಾಗದ ದಾರಿ ಬಿಟ್ಟುಕೊಡಬೇಕು. ಅಲ್ಲಿ ಮಲಗಿ ಗುರುಗುಟ್ಟಿದರೆ ಗದರಬಾರದು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಬಾಯಿ ಹಾಕುವುದನ್ನು ಕಲಿಯಬಹುದು. ಹಿಂದೆ ಸರಿದು, ಯಾರು ಏನು ಮಾಡಿದ್ದರಿಂದ ಅದು ಹಾಗೆ ಮಾಡಿತೆಂದು ವಿಚಾರಿಸುವುದೇ ಸರಿಯಾದ ಕ್ರಮ. ಅತಿಥಿಗಳು ಬಂದಾಗ ಮನೆಯೊಡೆಯರ ಸಂಕೋಚ ಅಡ್ಡ ಬರುತ್ತದೆ; ಆದರೂ ‘ಅದು ಮಲಗಿದೆ, ಬಿಡಿ’ ಎಂದು ಹೇಳಲೇಬೇಕು.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಜಾಗ ಬೇಕು, ಅದೂ ಒಂದರ ಬಾಗಿಲನ್ನು ಇನ್ನೊಂದು ಅಡ್ಡಗಟ್ಟಿ ಮಲಗದಷ್ಟು ಅಂತರದಲ್ಲಿ. ಜೊತೆಯಾಗಿ ಮಲಗುವುದು ಅವುಗಳ ಇಷ್ಟ.

ಗುಡುಗು, ಪಟಾಕಿ ಮತ್ತು ಮುಪ್ಪು

ಸದ್ದಿಗೆ ಹೆದರುವ ನಾಯಿಗೆ ಈ ಜಾಗ ಉಪಯೋಗಕ್ಕೆ ಬರಬೇಕಾದರೆ ಸದ್ದಿನ ದಿನಕ್ಕೆ ವಾರಗಳ ಮೊದಲೇ ಅದು ರೂಢಿಯಾಗಿರಬೇಕು. ಆ ದಿನ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು ಅಥವಾ ಮೆಲುವಾದ ಸಂಗೀತ ಹಾಕಿಡುವುದರಿಂದ ಹೊರಗಿನ ಸದ್ದು ಸ್ವಲ್ಪ ಮಾಸುತ್ತದೆ. ಬಾಗಿಲು ಮಾತ್ರ ತೆರೆದೇ ಇರಬೇಕು, ಏಕೆಂದರೆ ಬೆದರಿದ ನಾಯಿಯನ್ನು ಕೂಡಿಹಾಕಿದರೆ ಅದರ ಗಾಬರಿ ಏರುತ್ತದೆ. ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಹಳೆಯ ಮಾತಿಗೆ ಆಧಾರವಿಲ್ಲ. ನಾಯಿ ಹತ್ತಿರ ಬಂದು ಒರಗಿಕೊಂಡರೆ ನೇವರಿಸಬಹುದು, ಅಡಗಿ ಕುಳಿತರೆ ಹೊರಗೆಳೆಯದೆ ಬಿಡಬೇಕು. ನಡುಕ, ಎಡೆಬಿಡದ ಏದುಸಿರು, ನೆಲ ಕೆರೆಯುವುದು ವಿಪರೀತವಾಗಿದ್ದರೆ ಅದಕ್ಕೆ ಔಷಧಗಳಿವೆ, ಪಶುವೈದ್ಯರನ್ನು ಮುಂಚಿತವಾಗಿಯೇ ಕಾಣಬೇಕು. ಮನುಷ್ಯರ ನಿದ್ದೆ ಮಾತ್ರೆಯನ್ನು ತಾವಾಗಿ ಕೊಡುವುದು ಪ್ರಾಣಕ್ಕೇ ಸಂಚಕಾರ.

ಚೆನ್ನಾಗಿ ಹೊಂದಿಕೊಂಡ ಜಾಗವನ್ನು ನಾಯಿ ದಿಢೀರನೆ ತೊರೆದರೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ: ಹಾಸಿಗೆಯಡಿ ಇರುವೆ, ಹೊಸ ಸಾಬೂನಿನ ಘಾಟು, ಪಕ್ಕದಲ್ಲಿ ತಂದಿಟ್ಟ ಹೊಸ ಯಂತ್ರ. ಅಂಥದ್ದೇನೂ ಸಿಗದಿದ್ದರೆ ಮೈನೋವಿನ ಬಗ್ಗೆ ಯೋಚಿಸಬೇಕು. ವಯಸ್ಸಾದ ನಾಯಿಗೆ ಕ್ರೇಟ್‌ನ ಹೊಸ್ತಿಲು ದಾಟುವುದೇ ಕಷ್ಟವಾಗಿರಬಹುದು; ಹಿಂದೆಂದೂ ಹೆದರದ ಸದ್ದಿಗೆ ಇಳಿವಯಸ್ಸಿನಲ್ಲಿ ಹೆದರತೊಡಗುವುದಕ್ಕೂ ಕೀಲುನೋವಿಗೂ ಕೆಲವೊಮ್ಮೆ ನಂಟಿರುತ್ತದೆ. ಅಂಥ ನಾಯಿಗೆ ಪ್ರವೇಶ ತಗ್ಗಾಗಿರುವ, ಮೊಣಕೈ ನೆಲಕ್ಕೆ ಒತ್ತದಷ್ಟು ದಪ್ಪನೆಯ ಹಾಸಿಗೆಯನ್ನು ಕೊಟ್ಟು, ಅಲ್ಲಿಂದ ನೀರಿನ ಬಟ್ಟಲಿನವರೆಗೆ ಜಾರದ ಚಾಪೆ ಹಾಸಬೇಕು. ಕಣ್ಣು ಮಂಜಾದದ್ದಾದರೆ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ, ಹಾಸಿಗೆಯ ಸ್ಥಾನವನ್ನೂ ಸುತ್ತಲಿನ ಪೀಠೋಪಕರಣಗಳನ್ನೂ ಆಗಾಗ ಬದಲಿಸುವುದು ಬೇಡ.