ಶನಿವಾರದ ಬಾಡಿಗೆದಾರರು: ಕಾಲೇಜು ತಂಡಕ್ಕೆ ಕ್ರೀಡಾಂಗಣ ಗೊತ್ತುಮಾಡಿದ ನನ್ನ ಅನುಭವ

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ತರಗತಿ ಮುಗಿಸಿ ಬಂದ ಹುಡುಗರ ಸಂಜೆಯ ಆಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಈ ಆಟವನ್ನು ನೋಡಲು ಪ್ರತಿ ಶನಿವಾರ ಹತ್ತಾರು ಸಾವಿರ ಜನ ಸೇರುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದಂಥ ಕಡೆ ಆ ಸಂಖ್ಯೆ ಲಕ್ಷ ದಾಟುತ್ತದೆ, ಕ್ರೀಡಾಂಗಣವೂ ಸ್ವಂತದ್ದು. ನಾನು ಕ್ರೀಡಾ ವಿಭಾಗದ ಲೆಕ್ಕಪತ್ರ ಮತ್ತು ಕರಾರುಗಳನ್ನು ನೋಡಿಕೊಳ್ಳುವ ರಾಜ್ಯ ವಿಶ್ವವಿದ್ಯಾಲಯಕ್ಕೆ ಆ ಭಾಗ್ಯವಿಲ್ಲ. ನಗರದ ನಡುವಿನ ಕ್ಯಾಂಪಸ್, ಕಟ್ಟಲು ಜಾಗವಿಲ್ಲ. ವೃತ್ತಿಪರ ತಂಡ ಭಾನುವಾರ ಆಡುವ ಅಂಗಳದಲ್ಲಿ ನಾವು ಶನಿವಾರ ಆಡುತ್ತೇವೆ. ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾದ ಟೆಂಪಲ್, ಮಿಯಾಮಿ ವಿಶ್ವವಿದ್ಯಾಲಯಗಳದ್ದೂ ಇದೇ ಪಾಡು.

ಕರಾರು ನವೀಕರಿಸುವ ಕೆಲಸ ನನ್ನ ಮೇಜಿಗೆ ಬಂದಾಗ ಮೇಲಿನವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಪಂದ್ಯವೊಂದಕ್ಕೆ ಬಾಡಿಗೆ ಎಷ್ಟು? ನಮ್ಮೂರಿನಲ್ಲಿ ಮಗಳ ಮದುವೆಗೆ ಛತ್ರ ಗೊತ್ತುಮಾಡಿದವರಿಗೆ ಈ ಪ್ರಶ್ನೆಯ ಪೊಳ್ಳುತನ ತಿಳಿದಿರುತ್ತದೆ. ಛತ್ರದ ಬಾಡಿಗೆ ಒಂದಾದರೆ, ಕರೆಂಟು, ಜನರೇಟರಿನ ಡೀಸೆಲ್, ಗುಡಿಸುವವರ ಕೂಲಿ, ಅವರೇ ಗೊತ್ತುಮಾಡಿದ ಅಡುಗೆಯವರು, ಅವರೇ ಹೇಳಿದ ಹೂವಿನವರು ಸೇರಿ ಬಿಲ್ಲು ಇನ್ನೊಂದಾಗುತ್ತದೆ. ನಾನು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಪಂದ್ಯವಾರು ಲೆಕ್ಕಪಟ್ಟಿಗಳನ್ನು ತರಿಸಿಕೊಂಡು ಬಾಡಿಗೆಯ ಸಾಲನ್ನು ಬದಿಗಿಟ್ಟು ಉಳಿದ ಸಾಲುಗಳನ್ನು ಓದಿದ್ದು. ಪೊಲೀಸರು, ಆಂಬ್ಯುಲೆನ್ಸ್, ಆಸನ ತೋರಿಸುವವರು, ದ್ವಾರದ ಕಾವಲು, ರಾತ್ರಿಯಿಡೀ ನಡೆಯುವ ಶುಚಿ ಕೆಲಸ, ವೃತ್ತಿಪರ ತಂಡದ ಲಾಂಛನ ಅಳಿಸಿ ನಮ್ಮದನ್ನು ಬಳಿಯುವ ಬಣ್ಣ. ಇವೆಲ್ಲ ಸೇರಿದರೆ ಬಾಡಿಗೆಯನ್ನು ಮೀರುತ್ತಿದ್ದವು.

ಅದರಲ್ಲೂ ನನ್ನನ್ನು ಕೆರಳಿಸಿದ್ದು ಸಿಬ್ಬಂದಿಯ ಲೆಕ್ಕ. ಅರ್ಧ ಖಾಲಿ ಅಂಗಳದಲ್ಲಿ ಸಣ್ಣ ತಂಡವೊಂದರ ವಿರುದ್ಧ ಆಡಿದ ದಿನವೂ ಮೇಲಂತಸ್ತಿನ ಎಲ್ಲ ಮೆಟ್ಟಿಲುಗಳ ಬಳಿ ಜನ ನಿಂತಿದ್ದರು, ಅವರ ಕೂಲಿ ನಮ್ಮ ತಲೆಗೆ ಬಂದಿತ್ತು. ಹೊಸ ಕರಾರಿನಲ್ಲಿ ನಾನು ಪಟ್ಟು ಹಿಡಿದು ಸೇರಿಸಿದ ಮೊದಲ ಷರತ್ತು ಇದಕ್ಕೇ ಸಂಬಂಧಿಸಿದ್ದು. ಟಿಕೆಟ್ ಮಾರಾಟ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಮೇಲಂತಸ್ತು ಮುಚ್ಚಬೇಕು, ಸಿಬ್ಬಂದಿಯ ಪಟ್ಟಿ ಪಂದ್ಯಕ್ಕೆ ಮೊದಲೇ ನಮ್ಮ ಕೈಗೆ ಬರಬೇಕು, ನಾವು ಒಪ್ಪದ ಹೆಚ್ಚುವರಿ ಜನರ ಕೂಲಿ ನಮ್ಮದಲ್ಲ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಕೊನೆಯ ಮಾತು ಅವರದು. ಅದು ನ್ಯಾಯವೇ.

ಇನ್ನೊಂದು ಜಗಳ ವಿದ್ಯಾರ್ಥಿಗಳ ಟಿಕೆಟ್‌ನದು. ಕ್ರೀಡಾಂಗಣದವರು ಪ್ರತಿ ಟಿಕೆಟ್ಟಿನ ಮೇಲೆ ಸೌಲಭ್ಯ ಶುಲ್ಕ ಹಾಕುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೆ ಟಿಕೆಟ್ ಉಚಿತ, ಅದರ ಹಣ ಅವರ ವಾರ್ಷಿಕ ಶುಲ್ಕದಲ್ಲಿ ಅಡಗಿರುತ್ತದೆ. ಸಾವಿರಾರು ಹುಡುಗರು ಮೊಬೈಲಿನಲ್ಲಿ ಟಿಕೆಟ್ ಪಡೆದು ಶನಿವಾರ ಬೆಳಗ್ಗೆ ಹೊದ್ದು ಮಲಗಿರುತ್ತಾರೆ. ಹಂಚಿದ ಟಿಕೆಟ್ಟಿಗೆಲ್ಲ ಶುಲ್ಕವೋ, ದ್ವಾರದಲ್ಲಿ ಸ್ಕ್ಯಾನ್ ಆದದ್ದಕ್ಕೆ ಮಾತ್ರವೋ? ಹಳೆಯ ಕರಾರು ಮೌನವಾಗಿತ್ತು, ಆ ಮೌನದ ಲಾಭ ಎದುರಿನವರಿಗೆ ಆಗುತ್ತಿತ್ತು. ಈಗ ಸ್ಕ್ಯಾನ್ ಆದದ್ದಕ್ಕೆ ಮಾತ್ರ ಎಂದು ಬರೆದಿದೆ.

ತಿನಿಸು, ಬಿಯರ್, ಪಾರ್ಕಿಂಗ್, ಐಷಾರಾಮಿ ಕೊಠಡಿಗಳು: ನಿಜವಾದ ದುಡ್ಡಿರುವುದು ಇಲ್ಲಿ, ಅದು ಬಾಡಿಗೆದಾರನಿಗೆ ಸುಲಭಕ್ಕೆ ಸಿಗುವುದಿಲ್ಲ. ಕೊಠಡಿಗಳನ್ನು ವೃತ್ತಿಪರ ತಂಡ ಇಡೀ ವರ್ಷಕ್ಕೆ ಮಾರಿರುತ್ತದೆ. ಕ್ಯಾಂಪಸ್ಸಿಗೆ ಒಂದು ತಂಪು ಪಾನೀಯ ಕಂಪನಿಯೊಂದಿಗೆ ಏಕಸ್ವಾಮ್ಯದ ಕರಾರು, ಕ್ರೀಡಾಂಗಣಕ್ಕೆ ಅದರ ಎದುರಾಳಿಯೊಂದಿಗೆ. ನಮ್ಮ ಪ್ರಾಯೋಜಕರ ಫಲಕ ಎಲ್ಲಿ ಹಾಕಬಹುದು, ಅವರ ಫಲಕ ಎಲ್ಲಿ ಮುಚ್ಚಬೇಕು ಎಂಬುದಕ್ಕೆ ನಕ್ಷೆಯನ್ನೇ ಕರಾರಿಗೆ ಲಗತ್ತಿಸಿದೆವು. ಪಾರ್ಕಿಂಗಿನಲ್ಲಿ ಪಾಲು ಸಿಕ್ಕಿತು, ಬಿಯರಿನಲ್ಲಿ ಸಿಗಲಿಲ್ಲ.

ದಿನಾಂಕಗಳ ವಿಷಯ ಹಣಕ್ಕಿಂತ ಕಗ್ಗಂಟು. ಕಾಲೇಜು ಪಂದ್ಯಗಳ ದಿನಾಂಕ ಮೊದಲೇ ತಿಳಿಯುತ್ತದೆ, ವೃತ್ತಿಪರ ಲೀಗಿನ ಪಟ್ಟಿ ಹೊರಬೀಳುವುದು ಮೇ ತಿಂಗಳಲ್ಲಿ. ಮೊದಲ ಹಕ್ಕು ಅವರದು. ಮೇಲಾಗಿ ನಮ್ಮ ಬಹುತೇಕ ಪಂದ್ಯ ಎಷ್ಟು ಗಂಟೆಗೆ ಆರಂಭ ಎಂಬುದನ್ನು ಟಿವಿಯವರು ಹನ್ನೆರಡು ದಿನ ಮೊದಲು, ಕೆಲವೊಮ್ಮೆ ಆರೇ ದಿನ ಮೊದಲು ಹೇಳುತ್ತಾರೆ. ಶನಿವಾರ ರಾತ್ರಿಯ ಪಂದ್ಯವೆಂದಾದರೆ ಮುಗಿಯುವುದು ಹನ್ನೊಂದರ ಸುಮಾರಿಗೆ. ಭಾನುವಾರ ಮಧ್ಯಾಹ್ನ ಒಂದಕ್ಕೆ ವೃತ್ತಿಪರರ ಪಂದ್ಯ. ನಡುವಿನ ಅಷ್ಟು ಹೊತ್ತಿನಲ್ಲಿ ಕಸ ಹೋಗಬೇಕು, ಬಣ್ಣ ಬದಲಾಗಬೇಕು, ಹುಲ್ಲು ಸುಧಾರಿಸಿಕೊಳ್ಳಬೇಕು. ಆ ರಾತ್ರಿಪಾಳಿಯ ಹೆಚ್ಚುವರಿ ಕೂಲಿ ಯಾರದು? ಟಿವಿ ಹಣ ನಿಮಗೆ ಬರುತ್ತದೆ, ಕೂಲಿಯೂ ನಿಮ್ಮದೇ ಎಂದರು ಕ್ರೀಡಾಂಗಣದವರು. ಸಮಯ ನಮ್ಮ ಕೈಯಲ್ಲಿಲ್ಲವಲ್ಲ ಎಂದೆವು. ಕೊನೆಗೆ ಒಂದು ಮಿತಿ ಗೊತ್ತುಮಾಡಿ, ಅದರಾಚೆಯದನ್ನು ಸಮನಾಗಿ ಹಂಚಿಕೊಂಡೆವು.

ಹುಲ್ಲಿನ ಮಾತು ಬಂದಾಗ ಈ ಕ್ಷೇತ್ರದವರೆಲ್ಲ ನೆನೆಯುವುದು 2007ರ ನವೆಂಬರ್ ಪಿಟ್ಸ್‌ಬರ್ಗನ್ನು. ಶುಕ್ರವಾರ ಅದೇ ಅಂಗಳದಲ್ಲಿ ಶಾಲಾ ಮಕ್ಕಳ ನಾಲ್ಕು ಫೈನಲ್‌ಗಳು, ಶನಿವಾರ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪಂದ್ಯ. ಕಿತ್ತುಹೋದ ಅಂಗಳದ ಮೇಲೆಯೇ ಹೊಸ ಹುಲ್ಲುಹಾಸು ಹೊದಿಸಿದರು. ಮಳೆ ಸುರಿಯಿತು. ಸೋಮವಾರ ರಾತ್ರಿ ಆ ಊರಿನ ವೃತ್ತಿಪರ ತಂಡ ಸ್ಟೀಲರ್ಸ್ ಮತ್ತು ಎದುರಾಳಿ ಮಿಯಾಮಿ ಡಾಲ್ಫಿನ್ಸ್ ಕೆಸರಿನಲ್ಲಿ ಹೊರಳಾಡಿ, ಪಂದ್ಯ 3–0ಕ್ಕೆ ಮುಗಿಯಿತು. ಒದ್ದ ಚೆಂಡೊಂದು ಪುಟಿಯದೆ ನೆಲಕ್ಕೆ ನೆಟ್ಟಿಕೊಂಡಿತ್ತು. ಮೂರು ಬಳಕೆದಾರರಿರುವಾಗ ಹಾಳಾದ ಹುಲ್ಲಿನ ಖರ್ಚು ಯಾರ ಹೆಸರಿಗೆ ಬರೆಯಬೇಕು? ನಮ್ಮ ಕರಾರಿನಲ್ಲಿ ಪ್ರತಿ ಪಂದ್ಯದ ಮೊದಲೂ ನಂತರವೂ ಎರಡು ಕಡೆಯವರೂ ಅಂಗಳ ನೋಡಿ ಸಹಿ ಮಾಡಬೇಕು.

ವಕೀಲರ ನಡುವೆ ದಿನಗಳನ್ನು ನುಂಗಿದ್ದು ನಷ್ಟಭರ್ತಿಯ ಷರತ್ತು. ಯಾರಾದರೂ ಮೆಟ್ಟಿಲಿನಲ್ಲಿ ಜಾರಿಬಿದ್ದು ದಾವೆ ಹೂಡಿದರೆ ಬಾಡಿಗೆದಾರನೇ ಪೂರ್ತಿ ಹೊಣೆ ಹೊರಬೇಕೆಂದು ಖಾಸಗಿ ಕರಾರುಗಳಲ್ಲಿ ಬರೆಯುವುದು ವಾಡಿಕೆ. ಆದರೆ ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಸ್ಥೆ ಅಂಥ ಮಿತಿಯಿಲ್ಲದ ಭರವಸೆ ಕೊಡಲು ಕಾನೂನು ಬಿಡುವುದಿಲ್ಲ. ‘ಕಾನೂನು ಅನುಮತಿಸುವಷ್ಟರ ಮಟ್ಟಿಗೆ’ ಎಂಬ ಮಾತು ಸೇರಿಸಿ, ವಿಮೆಯ ಮೊತ್ತ ಹೆಚ್ಚಿಸಿ ದಾಟಿಕೊಂಡೆವು.

ಉಳಿದದ್ದು ಅವಧಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲಿ ಲಾಸ್ ಏಂಜಲೀಸ್ ಕೊಲಿಸಿಯಂ ಕ್ರೀಡಾಂಗಣವನ್ನು 98 ವರ್ಷಕ್ಕೆ ಗುತ್ತಿಗೆ ಪಡೆದು, ದುರಸ್ತಿಯ ಹೊಣೆಯನ್ನೂ ಆಡಳಿತವನ್ನೂ ತಾನೇ ಹೊತ್ತಿತು. ಅದು ಹೆಚ್ಚುಕಡಿಮೆ ಮಾಲೀಕತ್ವವೇ. ಅದೇ ಊರಿನ ಯುಸಿಎಲ್‌ಎ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್) 1982ರಿಂದ ಪ್ಯಾಸಡೀನಾ ನಗರದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಆಡುತ್ತಿದೆ. ಅದು ಕ್ಯಾಂಪಸ್ಸಿನಿಂದ 40 ಕಿಲೋಮೀಟರ್ ದೂರ. ಕರಾರು 2044ರವರೆಗಿದೆ. ತಂಡ ಬೇರೆ ಅಂಗಳದತ್ತ ನೋಡುತ್ತಿದೆ ಎಂದು 2025ರಲ್ಲಿ ಪ್ಯಾಸಡೀನಾ ನಗರವು ನ್ಯಾಯಾಲಯದ ಮೆಟ್ಟಿಲೇರಿತು. ನಗರದ ಸಿಟ್ಟು ನನಗೆ ಅರ್ಥವಾಗುತ್ತದೆ: ದೀರ್ಘ ಅವಧಿಯ ಕರಾರನ್ನು ನಂಬಿಯೇ ಅಂಗಳದ ಮಾಲೀಕರು ಸಾಲ ಎತ್ತಿ ದುರಸ್ತಿ ಮಾಡಿಸುತ್ತಾರೆ. ಬಾಡಿಗೆದಾರನ ಕಡೆ ಕುಳಿತ ನನಗೆ ಕಾಣುವುದು ಬೇರೆ. ಕಾಲೇಜು ತಂಡಗಳು ಲೀಗ್ ಬದಲಿಸುತ್ತಿವೆ, ಆಟಗಾರರಿಗೆ ನೇರವಾಗಿ ಹಣ ಕೊಡುವ ಕಾಲ ಬಂದಿದೆ. ಇಪ್ಪತ್ತು ವರ್ಷದ ಆದಾಯವನ್ನು ಊಹಿಸಿ ಸಹಿ ಹಾಕುವ ಧೈರ್ಯ ನನಗಿಲ್ಲ.

ನಾವು ಕಡಿಮೆ ಅವಧಿಗೆ ಸಹಿ ಹಾಕಿ, ವಿಸ್ತರಿಸುವ ಹಕ್ಕನ್ನು ನಮ್ಮ ಕೈಯಲ್ಲಿಟ್ಟುಕೊಂಡೆವು. ಅದಕ್ಕೆ ಪ್ರತಿಯಾಗಿ ಬಾಡಿಗೆ ಸ್ವಲ್ಪ ಏರಿತು. ಆಡಳಿತ ಮಂಡಳಿಯ ಸಭೆಯಲ್ಲಿ ಸದಸ್ಯರೊಬ್ಬರು ಮೊದಲು ಕೇಳಿದ್ದು, ಬಾಡಿಗೆ ಏಕೆ ಏರಿತು ಎಂದೇ. ಹಳೆಯ ಲೆಕ್ಕಪಟ್ಟಿಯನ್ನೂ ಹೊಸ ಕರಾರಿನ ಪ್ರಕಾರ ಅದೇ ಪಂದ್ಯಕ್ಕೆ ಬರಬೇಕಾಗಿದ್ದ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಮುಂದಿನ ವಿಷಯಕ್ಕೆ ಹೋದರು.