ರೆಸಿಡೆನ್ಸಿಯಲ್ಲಿ ಕೈಚಿಕಿತ್ಸೆಗೆ ಜಾಗ ಮಾಡಿದ್ದು: ನನ್ನ ಅನುಭವ

ನಾನು ಅಮೆರಿಕದ ಮಿಷಿಗನ್‌ನಲ್ಲಿ ಫ್ಯಾಮಿಲಿ ಮೆಡಿಸಿನ್ ಡಾಕ್ಟರ್. ಹೆಸರಿನ ಪಕ್ಕ ಎಂಡಿ (ಇಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೂಲ ಪದವಿ) ಇಲ್ಲ, ಡಿಒ, ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್ ಅಂತ ಇದೆ. ಊರಿಗೆ ಬಂದಾಗಲೆಲ್ಲ ಇದನ್ನು ವಿವರಿಸಬೇಕಾಗುತ್ತದೆ. ಇಲ್ಲಿ ಡಿಒಗಳೂ ಎಂಡಿಗಳಂತೆಯೇ ಪೂರ್ತಿ ಡಾಕ್ಟರುಗಳು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಐಸಿಯು ನೋಡಿಕೊಳ್ಳುತ್ತಾರೆ. ಓದುವಾಗ ಜೊತೆಗೆ ಸುಮಾರು ಇನ್ನೂರು ಗಂಟೆ ಕೈಯಿಂದ ಮುಟ್ಟಿ ಪರೀಕ್ಷಿಸುವುದು, ಕೈಯಿಂದಲೇ ಚಿಕಿತ್ಸೆ ಕೊಡುವುದು ಕಲಿಯುತ್ತಾರೆ. ಈ ಕೈಚಿಕಿತ್ಸೆಗೆ ಒಎಂಟಿ (ಆಸ್ಟಿಯೋಪಥಿಕ್ ಮ್ಯಾನಿಪ್ಯುಲೇಟಿವ್ ಟ್ರೀಟ್‌ಮೆಂಟ್) ಅನ್ನುತ್ತಾರೆ. ಯುರೋಪಿನ ಆಸ್ಟಿಯೋಪಾತ್‌ಗಳು ಹೀಗಲ್ಲ, ಅಲ್ಲಿ ಅದು ಸಾಮಾನ್ಯವಾಗಿ ಬೇರೆಯೇ ವೃತ್ತಿ. ನಮ್ಮ ಸೋದರತ್ತೆ ಮಾತ್ರ "ಇವಳು ಉಳುಕು ತೆಗೆಯೋ ಡಾಕ್ಟ್ರು" ಅಂತಲೇ ಎಲ್ಲರಿಗೂ ಪರಿಚಯ ಮಾಡಿಸುತ್ತಾರೆ. ತೀರಾ ತಪ್ಪೇನೂ ಅಲ್ಲ ಬಿಡಿ. ಈ ಪದ್ಧತಿ ಶುರುಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಕೂಡ ಒಂದು ಕಾಲಕ್ಕೆ ಮಿಂಚಿನ ವೇಗದಲ್ಲಿ ಮೂಳೆ ಕೂಡಿಸುವವನು ಅಂತ ಹೇಳಿಕೊಂಡು ಊರೂರು ತಿರುಗಿದವರೇ. ಆಮೇಲೆ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಕಾಲೇಜು ತೆರೆದರು.

ರೆಸಿಡೆನ್ಸಿ ಅಂದರೆ ವೈದ್ಯಕೀಯ ಕಾಲೇಜು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತರಬೇತಿ; ಪಡೆಯುವವರು ರೆಸಿಡೆಂಟ್‌ಗಳು. ಮೊದಲೆಲ್ಲ ಡಿಒಗಳಿಗೆ ಪ್ರತ್ಯೇಕ ರೆಸಿಡೆನ್ಸಿಗಳಿದ್ದವು. 2014ರಲ್ಲಿ ಒಪ್ಪಂದ ಆಯಿತು. 2015ರ ಜುಲೈನಿಂದ 2020ರ ಜೂನ್‌ವರೆಗೆ ಎರಡೂ ಕಡೆಯ ತರಬೇತಿಗಳು ಎಸಿಜಿಎಂಇ ಎಂಬ ಒಂದೇ ಮಾನ್ಯತಾ ಸಂಸ್ಥೆಯ ಕೆಳಗೆ ಬಂದವು. ಕೈಚಿಕಿತ್ಸೆ ಕಲಿಸುವುದನ್ನು ಉಳಿಸಿಕೊಳ್ಳಬೇಕು ಅನ್ನುವ ರೆಸಿಡೆನ್ಸಿಗಳು ಈಗ 'ಆಸ್ಟಿಯೋಪಥಿಕ್ ರೆಕಗ್ನಿಷನ್' ಅಂತ ಬೇರೆಯಾಗಿ ಅರ್ಜಿ ಹಾಕಬೇಕು. ಅದಕ್ಕೆ ಒಬ್ಬರು ನಿರ್ದೇಶಕರು ಇರಲೇಬೇಕು. ನಮ್ಮಲ್ಲಿ ಆ ಕೆಲಸ ನನ್ನ ತಲೆಗೆ ಬಂತು. ಅರ್ಜಿಯ ಕಾಗದಪತ್ರದ ಕಥೆ ಇಲ್ಲಿ ಬೇಡ. ಬೇಜಾರಿನ ಕೆಲಸ, ಆದರೆ ಕಷ್ಟದ್ದಲ್ಲ.

ಕಷ್ಟದ್ದು ಬೇರೆ ಇತ್ತು. ಕಾಲೇಜಿನಲ್ಲಿ ಅಷ್ಟು ಗಂಟೆ ಕಲಿತು ಬಂದ ಹುಡುಗ ಹುಡುಗಿಯರು ರೆಸಿಡೆನ್ಸಿಯ ಮೊದಲ ವರ್ಷದಲ್ಲೇ ಕೈ ಮರೆತುಬಿಡುತ್ತಿದ್ದರು. ನಮ್ಮಲ್ಲಿ ಪಾಠ ಇರಲಿಲ್ಲ ಅಂತಲ್ಲ. ತಿಂಗಳಿಗೊಮ್ಮೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸ್ಲೈಡ್ ಹಾಕಿಕೊಂಡು ಒಂದು ಲೆಕ್ಚರ್ ನಡೆಯುತ್ತಿತ್ತು. ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದುಕೊಂಡು ಬೆನ್ನುಮೂಳೆ ಮುಟ್ಟುವುದನ್ನು ಕಲಿಯಲು ಆಗುತ್ತದಾ?

ಹೊಸ ಪಠ್ಯ ಬರೆಯುವ ಮೊದಲು ರೆಸಿಡೆಂಟ್‌ಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ. ಕಳೆದ ವಾರ ಯಾವ ಪೇಷೆಂಟ್‌ಗೆ ಒಎಂಟಿ ಕೊಡಬಹುದಿತ್ತು, ಯಾಕೆ ಕೊಡಲಿಲ್ಲ? ಗೊತ್ತಿರಲಿಲ್ಲ ಅಂತ ಹೆಚ್ಚುಕಮ್ಮಿ ಯಾರೂ ಹೇಳಲಿಲ್ಲ. ಟೇಬಲ್ ಇರಲಿಲ್ಲ, ಟೈಮ್ ಇರಲಿಲ್ಲ, ಅವತ್ತಿನ ಅಟೆಂಡಿಂಗ್‌ಗೆ (ಮೇಲ್ವಿಚಾರಣೆಯ ಹಿರಿಯ ಡಾಕ್ಟರಿಗೆ) ಒಎಂಟಿ ಬರುತ್ತಿರಲಿಲ್ಲ, ನೋಟ್ ಹೇಗೆ ಬರೆಯುವುದು ತಿಳಿಯಲಿಲ್ಲ: ಇವೇ ಉತ್ತರಗಳು. ಇದನ್ನೆಲ್ಲ ಕೇಳಿದ ಮೇಲೆ ನಾನು ಸಿಲಬಸ್ ಪಕ್ಕಕ್ಕಿಟ್ಟು ವೇಳಾಪಟ್ಟಿ ಕೈಗೆ ತೆಗೆದುಕೊಂಡೆ. ರೆಸಿಡೆನ್ಸಿಯಲ್ಲಿ ಯಾವುದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಇಲ್ಲವೋ ಅದು ಪಠ್ಯಕ್ರಮದಲ್ಲಿ ಇದ್ದೂ ಇಲ್ಲದ ಹಾಗೆ.

ಮೊದಲು ಟೇಬಲ್. ಕ್ಲಿನಿಕ್‌ನಲ್ಲಿರುವ ಮಾಮೂಲಿ ಪರೀಕ್ಷೆಯ ಟೇಬಲ್ ಎತ್ತರ, ಇಕ್ಕಟ್ಟು, ಮೇಲಿನ ಪೇಪರ್ ಬೇರೆ ಜಾರುತ್ತದೆ. ಪೇಷೆಂಟ್ ಮಗ್ಗುಲಾದರೆ ಬಿದ್ದೇ ಹೋಗುತ್ತೇನೆ ಅಂತ ಮೈ ಬಿಗಿ ಮಾಡಿಕೊಳ್ಳುತ್ತಾರೆ. ಕುಳ್ಳಗಿರುವ ರೆಸಿಡೆಂಟ್ ತುದಿಗಾಲಲ್ಲಿ ನಿಲ್ಲಬೇಕು. ಹಾಗಾಗಿ ಒಂದು ರೂಮಿಗೆ ಎತ್ತರ ಬದಲಿಸಬಹುದಾದ ಅಗಲದ ಟೇಬಲ್ ಹಾಕಿಸಿದೆವು. ಮಡಚಿ ಒಯ್ಯುವಂಥವು ಕೆಲವು ತರಿಸಿದೆವು. ವಾರಕ್ಕೆ ಅರ್ಧ ದಿನ ಒಎಂಟಿ ಕ್ಲಿನಿಕ್ ಇಟ್ಟೆವು. ಅಲ್ಲಿ ಪ್ರತಿ ಪೇಷೆಂಟ್‌ಗೂ ಸಮಯ ಜಾಸ್ತಿ, ಪಕ್ಕದಲ್ಲಿ ಡಿಒ ಅಟೆಂಡಿಂಗ್ ಇದ್ದೇ ಇರುತ್ತಾರೆ. ರೆಸಿಡೆಂಟ್ ಕೈ ಇಟ್ಟ ಜಾಗದಲ್ಲೇ ಅವರೂ ಕೈ ಇಟ್ಟು ನೋಡುತ್ತಾರೆ.

ಎರಡನೆಯದು ಬಿಲ್ಲಿಂಗ್. ಇದನ್ನು ಮೊದಲ ತಿಂಗಳಲ್ಲೇ ಕಲಿಸಬೇಕು ಅಂದಾಗ ಕೆಲವು ಹಿರಿಯರು ಮುಖ ಸಿಂಡರಿಸಿದರು. ದುಡ್ಡಿನ ಮಾತು ಮೊದಲೇ ಯಾಕೆ ಅಂತ. ನನ್ನ ಅಭಿಪ್ರಾಯ ಬೇರೆ. ಬಿಲ್‌ಗೆ ಬೇಕಾದ ನೋಟ್ ಬರೆಯಲು ಬಾರದವರು ಹೆದರಿ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ನಿಯಮವೇನೂ ಜಟಿಲವಲ್ಲ. ಮೈಯನ್ನು ಹತ್ತು ಭಾಗ ಮಾಡಿದ್ದಾರೆ: ತಲೆ, ಕುತ್ತಿಗೆ, ಎದೆಯ ಹಿಂಭಾಗದ ಬೆನ್ನು, ಸೊಂಟ, ತ್ರಿಕಾಸ್ಥಿ, ಕಿಬ್ಬೊಟ್ಟೆಯ ಮೂಳೆ, ಕಾಲು, ಕೈ, ಪಕ್ಕೆಲುಬು, ಹೊಟ್ಟೆ. ಒಂದೆರಡು ಭಾಗಕ್ಕೆ ಚಿಕಿತ್ಸೆ ಕೊಟ್ಟರೆ 98925, ಮೂರು ನಾಲ್ಕಾದರೆ 98926, ಹೀಗೆ 98929ರವರೆಗೆ ಕೋಡ್‌ಗಳಿವೆ. ಪ್ರತಿ ಭಾಗಕ್ಕೂ ಕೈಗೆ ಏನು ಸಿಕ್ಕಿತು, ಏನು ಮಾಡಿದೆ, ಆಮೇಲೆ ಏನು ಬದಲಾಯಿತು ಅಂತ ಬರೆಯಬೇಕು, ಅಷ್ಟೇ. ಕಂಪ್ಯೂಟರ್‌ನಲ್ಲಿ ಇದಕ್ಕೊಂದು ಟೆಂಪ್ಲೇಟ್ ಮಾಡಿಸಿಕೊಂಡೆವು. ಕ್ಲಿನಿಕ್ ಮ್ಯಾನೇಜರ್ ಈ ಅರ್ಧ ದಿನ ನಷ್ಟದ ಬಾಬ್ತು ಅಂದುಕೊಂಡಿದ್ದರು. ಲೆಕ್ಕ ನೋಡಿದ ಮೇಲೆ ಸುಮ್ಮನಾದರು.

ಇನ್ನು ಏನನ್ನು ಕಲಿಸುವುದು? ಕಾಲೇಜಿನ ಪಟ್ಟಿ ಹನುಮಂತನ ಬಾಲ. ನಾನು ಅದನ್ನು ಕತ್ತರಿಸಿದೆ. ವಾರ್ಡ್‌ಗೆ ಬೇಕಾದದ್ದು ಮೊದಲು. ಮಲಗಿದಲ್ಲೇ ಇರುವ ವಯಸ್ಸಾದ ಪೇಷೆಂಟ್‌ಗೆ ಬೆನ್ನ ಕೆಳಗೆ ಕೈ ಹಾಕಿ ಪಕ್ಕೆಲುಬು ಮೆಲ್ಲಗೆ ಎತ್ತುವುದು, ಬಿಗಿದ ಕುತ್ತಿಗೆಯನ್ನು ಸಡಿಲ ಮಾಡುವುದು. ಇದಕ್ಕೆ ಟೇಬಲ್ಲೂ ಬೇಡ. ಕ್ಲಿನಿಕ್‌ಗೆ ಮಸಲ್ ಎನರ್ಜಿ ಮತ್ತು ಕೌಂಟರ್‌ಸ್ಟ್ರೈನ್. ಮಸಲ್ ಎನರ್ಜಿಯಲ್ಲಿ ಪೇಷೆಂಟ್ ಒಂದು ದಿಕ್ಕಿಗೆ ಮೆಲ್ಲಗೆ ತಳ್ಳುತ್ತಾರೆ, ನಾವು ತಡೆದು ಹಿಡಿಯುತ್ತೇವೆ, ಬಿಟ್ಟ ಮೇಲೆ ಸ್ನಾಯು ಇನ್ನಷ್ಟು ಚಾಚಿಕೊಳ್ಳುತ್ತದೆ. ಕೌಂಟರ್‌ಸ್ಟ್ರೈನ್‌ನಲ್ಲಿ ನೋಯುವ ಬಿಂದು ಹುಡುಕಿ, ನೋವು ತಗ್ಗುವ ಭಂಗಿಯಲ್ಲಿ ಸುಮಾರು ಒಂದೂವರೆ ನಿಮಿಷ ಹಿಡಿದಿರಬೇಕು. ಎರಡೂ ಸುರಕ್ಷಿತ. ಹೊಸಬರ ಕೈಗೂ ಬೇಗ ಹತ್ತುತ್ತವೆ.

ನೆಟಿಕೆ ತೆಗೆಯುವ ವೇಗದ ತಂತ್ರ ಎಲ್ಲರಿಗೂ ಇಷ್ಟ, ಪೇಷೆಂಟ್‌ಗಳಿಗಂತೂ ಇನ್ನೂ ಇಷ್ಟ. 'ಟಕ್' ಅಂದರೆ ಗುಣ ಆಯಿತು ಅಂತ ಅವರ ಲೆಕ್ಕ. ಕುತ್ತಿಗೆಗೆ ಮಾತ್ರ ಅದನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಅಥವಾ ಡೌನ್ ಸಿಂಡ್ರೋಮ್ ಇರುವವರಲ್ಲಿ ಕುತ್ತಿಗೆಯ ಮೇಲಿನ ಕೀಲು ಸಡಿಲ ಇರಬಹುದು. ಮೂಳೆ ಸವೆದವರು, ಕ್ಯಾನ್ಸರ್ ಮೂಳೆಗೆ ಹರಡಿದವರು ಇರುತ್ತಾರೆ. ರಕ್ತನಾಳ ಸೀಳುವ ಅಪಾಯ ಅಪರೂಪ, ಆದರೆ ಒಮ್ಮೆ ಸೀಳಿದರೆ ಪಾರ್ಶ್ವವಾಯು ಆಗಬಹುದು. ಯಾರಿಗೆ ಮಾಡಬಾರದು ಅನ್ನುವುದನ್ನು ಬಾಯಲ್ಲಿ ಹೇಳಿ, ನನ್ನ ಮುಂದೆ ಮಾಡಿ ತೋರಿಸಿದವರಿಗೆ ಮಾತ್ರ ಅನುಮತಿ.

ದೊಡ್ಡ ಜಗಳ ಆದದ್ದು ತಲೆಬುರುಡೆಯ ಚಿಕಿತ್ಸೆ ಬಗ್ಗೆ. ಬುರುಡೆಯ ಮೂಳೆಗಳಿಗೆ ಒಂದು ಸೂಕ್ಷ್ಮ ಲಯ ಇದೆ, ಕೈಗೆ ಅದು ಸಿಗುತ್ತದೆ ಎಂಬುದು ಸ್ಟಿಲ್ ಅವರ ಶಿಷ್ಯ ವಿಲಿಯಂ ಸದರ್ಲೆಂಡ್ ಅವರ ಕಾಲದಿಂದ ಬಂದ ನಂಬಿಕೆ. ಒಬ್ಬ ಹಿರಿಯ ಸಹೋದ್ಯೋಗಿ ಇದಕ್ಕೆ ಇಡೀ ಒಂದು ತಿಂಗಳು ಕೇಳಿದರು. ನಾನು ಒಪ್ಪಲಿಲ್ಲ. ಇಬ್ಬರು ಪರಿಣತರು ಒಂದೇ ತಲೆ ಮುಟ್ಟಿದರೂ ಒಂದೇ ಉತ್ತರ ಕೊಡುವುದಿಲ್ಲ, ಪುರಾವೆಯೂ ದುರ್ಬಲ. ಬೇಕಾದವರು ಐಚ್ಛಿಕವಾಗಿ ಕಲಿಯಲಿ ಅಂತ ಬಿಟ್ಟೆ. ಅವರಿಗೆ ನನ್ನ ಮೇಲೆ ಇನ್ನೂ ಸಣ್ಣ ಮುನಿಸಿದೆ.

ಪುರಾವೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಜರ್ನಲ್ ಕ್ಲಬ್‌ನಲ್ಲಿ (ಸಂಶೋಧನಾ ಲೇಖನ ಓದಿ ಚರ್ಚಿಸುವ ಕೂಟದಲ್ಲಿ) ನಮ್ಮ ಪರವಾದ ಅಧ್ಯಯನಗಳನ್ನಷ್ಟೇ ಓದಿಸಿದರೆ ರೆಸಿಡೆಂಟ್‌ಗಳು ನಮ್ಮನ್ನು ನಂಬುವುದಿಲ್ಲ, ನಂಬಲೂ ಬಾರದು. 1999ರ ಸೊಂಟನೋವಿನ ಅಧ್ಯಯನದಲ್ಲಿ ಒಎಂಟಿ ಪಡೆದವರು, ಮಾಮೂಲಿ ಚಿಕಿತ್ಸೆ ಪಡೆದವರು ಇಬ್ಬರೂ ಒಂದೇ ರೀತಿ ಸುಧಾರಿಸಿದರು. ಆದರೆ ಒಎಂಟಿಯವರಿಗೆ ಔಷಧಿ ಕಮ್ಮಿ ಬೇಕಾಯಿತು. 2010ರಲ್ಲಿ ವಯಸ್ಸಾದವರ ನ್ಯುಮೋನಿಯಾ ಬಗ್ಗೆ 406 ಜನರ ಅಧ್ಯಯನ ಬಂತು. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಚಿಕಿತ್ಸೆಯನ್ನು ನಿಯಮದಂತೆ ಪೂರ್ತಿ ಪಡೆದವರನ್ನಷ್ಟೇ ನೋಡಿದರೆ ಆಸ್ಪತ್ರೆಯ ದಿನ ಕಮ್ಮಿ. ಈ ಎರಡು ಲೆಕ್ಕದ ಫರಕು ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 2021ರ ಫ್ರಾನ್ಸ್‌ನ ಅಧ್ಯಯನ ಸೊಂಟನೋವಿಗೆ ಸಿಗುವ ಲಾಭ ತೀರಾ ಸಣ್ಣದು ಅಂದಿತು. ಅದನ್ನೂ ಓದಿಸುತ್ತೇವೆ. ಅಲ್ಲಿಗೆ ಪೇಷೆಂಟ್‌ಗೆ ಏನು ಹೇಳಬೇಕು ಅನ್ನುವ ಅಭ್ಯಾಸ ಶುರು. "ನೋವು ಕಮ್ಮಿ ಆಗಬಹುದು, ಗ್ಯಾರಂಟಿ ಇಲ್ಲ, ವ್ಯಾಯಾಮ ಬಿಡಬೇಡಿ." ಇಷ್ಟನ್ನು ನೇರವಾಗಿ ಹೇಳಲು ಬಂದರೆ ಸಾಕು.

ನನಗೆ ಅತಿ ಖುಷಿ ಕೊಟ್ಟ ಭಾಗ ಎಂಡಿ ರೆಸಿಡೆಂಟ್‌ಗಳದ್ದು. ರೆಕಗ್ನಿಷನ್ ಇರುವ ಕಡೆ ಡಿಒಗಳಷ್ಟೇ ಅಲ್ಲ, ಎಂಡಿಗಳೂ ಸೇರಬಹುದು. ಮೊದಲು ತಳಪಾಯದ ತರಬೇತಿ ಆಗಿರಬೇಕು. ಎಂಬಿಬಿಎಸ್ ಮುಗಿಸಿ ಕರ್ನಾಟಕದಿಂದ ಬಂದವರೂ ನಮ್ಮಲ್ಲಿ ಇರುತ್ತಾರೆ. "ಮೇಡಂ, ಇದನ್ನ ಕಲಿತ್ರೆ ಫೆಲೋಶಿಪ್‌ಗೆ ಏನಾದ್ರೂ ಉಪಯೋಗ ಆಗತ್ತಾ?" ಅಂತ ಒಬ್ಬ ಮೊದಲ ದಿನವೇ ಕೇಳಿದ. "ಸ್ಪೋರ್ಟ್ಸ್ ಮೆಡಿಸಿನ್ ಆದ್ರೆ ಆಗಬಹುದು, ಹೃದಯದ ಕಡೆ ಹೋಗೋದಾದ್ರೆ ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡಪ್ಪ" ಅಂದೆ. ಸೇರಿಕೊಂಡ.

ಇವರ ಕೈ ನೋಡಿ ನಾನು ನನ್ನ ಯೋಜನೆಯನ್ನೇ ಬದಲಿಸಿದೆ. ಗುಲ್ಮ (ಸ್ಪ್ಲೀನ್) ಎಷ್ಟು ದಪ್ಪಗಾಗಿದೆ ಅಂತ ವಾರ್ಡಿನಲ್ಲಿ ಮುಟ್ಟಿ ಮುಟ್ಟಿ ಪರೀಕ್ಷೆ ಬರೆದವರು ಇವರು. ಬೆರಳಲ್ಲಿ ತಾಳ್ಮೆ ಇದೆ. ಕೈಗೆ ಸಿಕ್ಕಿದ್ದನ್ನು ಮಾತಲ್ಲಿ ಹೇಳಲೂ ಬರುತ್ತದೆ. ಬೆನ್ನಿನ ಚರ್ಮದ ಬಿಸಿ, ಸ್ನಾಯುವಿನ ಗಡಸು, ಎಡಬಲದ ವ್ಯತ್ಯಾಸ, ಚಲನೆಯ ತಡೆ, ಮುಟ್ಟಿದರೆ ನೋವು: ಇವನ್ನು ಗುರುತಿಸಲು ಡಿಒಗಳಷ್ಟೇ ಬೇಗ ಕಲಿತರು. ಕಮ್ಮಿ ಇದ್ದದ್ದು ಇನ್ನೊಂದು. ಮುಟ್ಟುವ ಮೊದಲು ಕೇಳುವುದು. ನಮ್ಮೂರ ಕಡೆ ಡಾಕ್ಟರ್ ಕೈ ಇಟ್ಟರೆ ಪೇಷೆಂಟ್ ಸುಮ್ಮನಿರುತ್ತಾರೆ, ಅಲ್ವಾ? ಇಲ್ಲಿ ಪ್ರತಿ ಸಲ ಕೇಳಬೇಕು, ಎಲ್ಲಿ ಮುಟ್ಟುತ್ತೇನೆ, ಯಾಕೆ ಅಂತ ಹೇಳಬೇಕು, ಬೇಡ ಅಂದರೆ ಬಿಡಬೇಕು. ಅದಕ್ಕಾಗಿ ಶುರುವಿನ ತರಬೇತಿಯಲ್ಲಿ ತಂತ್ರ ಕಮ್ಮಿ ಮಾಡಿ, ಈ ಮಾತಿನ ಅಭ್ಯಾಸ ಜಾಸ್ತಿ ಮಾಡಿದೆ. ಡಿಒಗಳಿಗೂ ಅದೇ ತರಬೇತಿ. ಅವರೂ ಕಾಲೇಜಿನಲ್ಲಿ ಗೆಳೆಯರ ಮೈಮೇಲೆ ಕಲಿತು ಬಂದವರು, ನೋವಿರುವ ಅಪರಿಚಿತರ ಮೇಲೆ ಅಲ್ಲ.

ಮೌಲ್ಯಮಾಪನಕ್ಕೆ ಚಿಕ್ಕ ಕಾರ್ಡ್ ಮಾಡಿದ್ದೇವೆ. ಅಟೆಂಡಿಂಗ್ ನಿಂತು ನೋಡಿದ ಚಿಕಿತ್ಸೆಗೆ ಒಂದು ಕಾರ್ಡ್. ರೆಸಿಡೆಂಟ್ ಕಂಡುಕೊಂಡದ್ದು ಒಂದು ಕಡೆ, ಅಟೆಂಡಿಂಗ್ ಕಂಡುಕೊಂಡದ್ದು ಇನ್ನೊಂದು ಕಡೆ, ಒಬ್ಬರದನ್ನು ಒಬ್ಬರು ನೋಡದೆ ಬರೆಯಬೇಕು. ಹೊಂದಿಕೆ ಆಗದಿದ್ದಾಗ ಅಟೆಂಡಿಂಗ್ ಹೇಳಿದ್ದೇ ಸರಿ ಅಂತ ಇಟ್ಟುಕೊಳ್ಳುವುದಿಲ್ಲ. ಇಬ್ಬರೂ ಮತ್ತೆ ಮುಟ್ಟಿ ನೋಡುತ್ತಾರೆ. ಆರು ತಿಂಗಳಿಗೊಮ್ಮೆ ಮೈಲ್‌ಸ್ಟೋನ್ (ರೆಸಿಡೆಂಟ್ ಎಷ್ಟು ಮುಂದುವರಿದಿದ್ದಾರೆ ಎಂಬ ಎಸಿಜಿಎಂಇ ವರದಿ) ತುಂಬುವಾಗ ಅಂದಾಜಿನ ಬದಲು ಈ ಕಾರ್ಡ್‌ಗಳನ್ನು ಮುಂದಿಟ್ಟುಕೊಳ್ಳುತ್ತೇವೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಅಧ್ಯಾಪಕರ ಕೊರತೆ. ರಾತ್ರಿ ಪಾಳಿಯಲ್ಲಿ, ವಾರಾಂತ್ಯದಲ್ಲಿ ವಾರ್ಡ್‌ನಲ್ಲಿ ಡಿಒ ಅಟೆಂಡಿಂಗ್ ಸಿಗುವುದೇ ಇಲ್ಲ. ಎಂಡಿ ಅಧ್ಯಾಪಕರಿಗೆ ವರ್ಷಕ್ಕೊಮ್ಮೆ ಕಾರ್ಯಾಗಾರ ಇಡುತ್ತೇವೆ. ಅವರಿಗೆ ತಂತ್ರ ಬರಬೇಕಾಗಿಲ್ಲ, ಯಾವ ಪೇಷೆಂಟ್‌ಗೆ ಬೇಡ ಅಂತ ತಿಳಿದಿದ್ದು, ಬೇಕಾದವರನ್ನು ಒಎಂಟಿ ಕ್ಲಿನಿಕ್‌ಗೆ ಕಳಿಸಿದರೆ ಆಯಿತು. ಮೂರನೇ ವರ್ಷದ ರೆಸಿಡೆಂಟ್‌ಗಳು ಮೊದಲ ವರ್ಷದವರಿಗೆ ಕಲಿಸುವ ಏರ್ಪಾಡೂ ಈಗ ಶುರುವಾಗಿದೆ. ಮುಂದಿನ ಜುಲೈಗೆ ರೆಸಿಡೆಂಟ್‌ಗಳು ಬಾಣಂತಿಯರ ವಾರ್ಡ್‌ನಲ್ಲಿ ಕಳೆಯುವ ತಿಂಗಳಿಗೂ ಇದನ್ನು ಸೇರಿಸುತ್ತಿದ್ದೇವೆ. ಅಲ್ಲಿನ ನರ್ಸ್‌ಗಳು ಈಗಾಗಲೇ ಸೊಂಟನೋವಿನವರ ಹೆಸರು ಬರೆದಿಟ್ಟು ನಮ್ಮ ರೆಸಿಡೆಂಟ್‌ಗಳನ್ನು ಕರೆಯುತ್ತಿದ್ದಾರೆ.